ಅಪ್ಪನ ವಾಚಿಗೆ ಹಾಕಿದ ಅಂಟು

ನನ್ನ ಹತ್ತಿರ ಹನ್ನೊಂದು ಕೈಗಡಿಯಾರಗಳಿವೆ. ಅವುಗಳಲ್ಲಿ ಓಡುವುದು ಎರಡು. ಉಳಿದ ಒಂಬತ್ತನ್ನು ನಾನು ‘ಸಂಗ್ರಹ’ ಎನ್ನುತ್ತೇನೆ, ಅಮ್ಮ ‘ಸ್ಮಶಾನ’ ಎನ್ನುತ್ತಾಳೆ.

ಒಂಬತ್ತರಲ್ಲಿ ಒಂದು ನನ್ನ ಕೈಯಿಂದಲೇ ಸತ್ತದ್ದು ಎಂಬುದನ್ನು ಮುಚ್ಚಿಡಲಾರೆ. ಹಲ್ಲುಜ್ಜುವ ಪೇಸ್ಟಿನಿಂದ ವಾಚಿನ ಗಾಜು ಫಳಫಳ ಹೊಳೆಯುತ್ತದೆಂದು ಎಲ್ಲೋ ಓದಿದ್ದೆ. ಗಾಜೇ ಇಷ್ಟು ಹೊಳೆದರೆ ಒಳಗಿನ ಮುಖ ಎಷ್ಟು ಹೊಳೆದೀತು ಎಂದುಕೊಂಡು ಗಾಜು ತೆಗೆದು ಮುಖವನ್ನೇ ಉಜ್ಜಿದೆ. ಹನ್ನೆರಡು ಅಂಕೆಗಳಲ್ಲಿ ಏಳು ಬಟ್ಟೆಗೆ ಬಂದವು. (ಆ ಬಟ್ಟೆಯನ್ನು ಇನ್ನೂ ಒಗೆದಿಲ್ಲ.)

ಕಳೆದ ವರ್ಷ ನಾನು ಶಾಲೆ ಬಿಟ್ಟಾಗ ಅಪ್ಪ, “ಮುಂದೇನು ಮಗಳೇ?” ಎಂದು ಕೇಳಿದ್ದ. “ವಾಚು” ಎಂದಿದ್ದೆ. ಆ ಒಂದು ಪದ ಹೇಳಲು ಮೂರು ದಿನ ಅಭ್ಯಾಸ ಮಾಡಿಕೊಂಡಿದ್ದೆ. ನಮ್ಮ ಬೀದಿಯ ತಿರುವಿನಲ್ಲಿ ವಾಚ್ ರಿಪೇರಿ ಅಂಗಡಿಯಿದೆ. ಅಲ್ಲಿನ ಹಿರಿಯರು ಒಂದು ಕಣ್ಣಿಗೆ ಸದಾ ಭೂತಗನ್ನಡಿ ಸಿಕ್ಕಿಸಿಕೊಂಡಿರುವುದರಿಂದ ಎಲ್ಲರಿಗೂ ಅವರು ಭೂತಗನ್ನಡಿ ತಾತ. ಅವರ ಪಕ್ಕದಲ್ಲೊಂದು ಖಾಲಿ ಸ್ಟೂಲಿದೆ. ಅದರ ಮೇಲೆ ಕೂತು ಕೆಲಸ ಕಲಿಯಬೇಕೆಂಬುದೇ ನನ್ನ ಏಕೈಕ ಮಹದಾಸೆ. ಕಣ್ಣು ಮುಚ್ಚಿದರೆ ಸಾಕು, ನಾನು ಅಲ್ಲಿರುತ್ತೇನೆ. ಹೊಂಬಣ್ಣದ ಚಕ್ರಗಳು ನನ್ನ ಸುತ್ತ ನಿಧಾನವಾಗಿ ತಿರುಗುತ್ತವೆ. ಬೆಳಕು ಅವುಗಳ ಹಲ್ಲುಗಳ ನಡುವೆ ಸೋರಿ ಬಂದು ಮಡಿಲಿಗೆ ಬೀಳುತ್ತದೆ. ತಾತ ಕೈ ಚಾಚುತ್ತಾರೆ, ನಾನು ಚಿಮುಟ ಕೊಡುತ್ತೇನೆ. ಯಾರೂ ಮಾತಾಡುವುದಿಲ್ಲ.

“ಹಾಲು ಉಕ್ಕಿ ಹೋಯ್ತು!” ಎಂದು ಅಮ್ಮ ಕೂಗಿದಾಗ ಕಣ್ಣು ತೆರೆಯುತ್ತೇನೆ.

ಹೀಗಿರುವಾಗ, ಬಸ್ ಓಡಿಸುವ ನಮ್ಮಪ್ಪ ಬಸ್ಸಿನ ಮೆಟ್ಟಿಲಿಂದಲೇ ಜಾರಿ ಕಾಲು ಮುರಿದುಕೊಂಡ. ಪ್ಲಾಸ್ಟರ್ ಹಾಕಿ ಮಲಗಿಸಿದರು. ನಾಲ್ಕನೆಯ ದಿನ ಅಪ್ಪನ ವಾಚು ನಿಂತಿತು. ಇಪ್ಪತ್ತು ವರ್ಷ ಒಂದು ದಿನವೂ ನಿಲ್ಲದ ವಾಚು ಅದು.

“ನನ್ನ ಜೊತೆ ಅದೂ ಮಲಗಿಬಿಡ್ತು ನೋಡು,” ಎಂದ ಅಪ್ಪ.

“ಮಲಗೋದನ್ನ ಈ ಮನೇಲಿ ಯಾರೂ ಯಾರಿಗೂ ಹೇಳಿಕೊಡೋದು ಬೇಡ,” ಎಂದಳು ಅಮ್ಮ. ಹೊಲಿಗೆ ಯಂತ್ರದಿಂದ ತಲೆಯೆತ್ತಿ ನೋಡಿದ್ದು ನನ್ನನ್ನು.

ನಾನು ವಾಚನ್ನು ಹತ್ತಿಯ ಮೇಲಿಟ್ಟು, ಒಂದಿಷ್ಟೂ ಅಲುಗದಂತೆ ಮೇಜಿಗೆ ಒಯ್ದೆ. ಉಸಿರು ಬಿಗಿಹಿಡಿದು ಹಿಂದಿನ ಮುಚ್ಚಳ ತೆರೆದೆ. ಆಹಾ! ಒಳಗೊಂದು ಪುಟ್ಟ ಊರೇ ಇತ್ತು. ಕೆಂಪು ಹರಳುಗಳು ಅದರ ದೀಪಗಳಂತಿದ್ದವು. ಮೇಲೆ ಅರ್ಧಚಂದ್ರನಂಥ ಒಂದು ಲೋಹದ ತುಂಡು. ಮುಟ್ಟಿದರೆ ಗಿರ್ರನೆ ತಿರುಗಿತು, ಬಿಟ್ಟರೆ ಲೊಡಲೊಡ ಎಂದಿತು.

ರೋಗ ಸಿಕ್ಕಿತು! ತುಂಡು ಸಡಿಲವಾಗಿದೆ.

ಸೂಜಿಯ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಹನಿ ಅಂಟು ತೆಗೆದುಕೊಂಡು ಅರ್ಧಚಂದ್ರನನ್ನು ಭದ್ರವಾಗಿ ಕೂರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ಮುಚ್ಚಳ ಹಾಕಿ ಕಿವಿಗಿಟ್ಟೆ. ಟಿಕ್, ಟಿಕ್, ಟಿಕ್!

“ನಮ್ಮ ಮಗಳು ಡಾಕ್ಟರು ಕಣೇ!” ಎಂದು ಅಪ್ಪ ಮಲಗಿದಲ್ಲೇ ಚಪ್ಪಾಳೆ ತಟ್ಟಿದ. ಅಮ್ಮ ಯಂತ್ರ ನಿಲ್ಲಿಸಿದಳು. “ಬೆಳಿಗ್ಗೆ ಹೋಗಿ ತಾತನ್ನ ಕೇಳೋಣ. ನಿನ್ನನ್ನ ಕೆಲಸಕ್ಕೆ ಸೇರಿಸ್ಕೊಳ್ಳಲಿ,” ಎಂದಳು. ಆ ಕ್ಷಣ ನನ್ನ ಕಾಲು ನೆಲದ ಮೇಲಿರಲಿಲ್ಲ.

ಬೆಳಿಗ್ಗೆ ನೋಡಿದರೆ ವಾಚು ಮತ್ತೆ ನಿಂತಿತ್ತು. ಅಷ್ಟರಲ್ಲಿ ಅಮ್ಮ ಚಪ್ಪಲಿ ಮೆಟ್ಟಿಯಾಗಿತ್ತು.

ತಾತ ಮುಚ್ಚಳ ತೆರೆದು ಬಹಳ ಹೊತ್ತು ನೋಡಿದರು.

“ಇದಕ್ಕೆ ಅಂಟು ಹಾಕಿದ್ದು ಯಾರು?”

“ನಮ್ಮ ಹುಡುಗಿ, ಯಜಮಾನ್ರೇ. ತುಂಬ ನಾಜೂಕು ಕೈ,” ಎಂದಳು ಅಮ್ಮ ಹೆಮ್ಮೆಯಿಂದ.

“ನಾಜೂಕೇನೋ ಹೌದು. ಇಷ್ಟು ನಾಜೂಕಾಗಿ ವಾಚು ಕೆಡಿಸಿದ್ದನ್ನ ನಾನು ನೋಡೇ ಇಲ್ಲ.” ತಾತ ನನ್ನತ್ತ ತಿರುಗಿದರು. “ಇದಕ್ಕೆ ಯಾರೂ ಕೀ ಕೊಡ್ಬೇಕಾಗಿಲ್ಲಮ್ಮ. ಕೈ ಆಡಿದಾಗ ಈ ಅರ್ಧಚಂದ್ರ ತಿರುಗತ್ತೆ, ಅದು ತಿರುಗಿದ್ರೆ ಒಳಗಿನ ಸ್ಪ್ರಿಂಗು ಸುತ್ಕೊಳ್ಳತ್ತೆ. ನಿಮ್ಮಪ್ಪ ಮಲಗಿದ್ರು, ಕೈ ಆಡ್ಲಿಲ್ಲ, ನಿಂತಿತ್ತು. ವಾಚಿಗೆ ಏನೂ ಆಗಿರ್ಲಿಲ್ಲ. ನೀನು ಬಿಚ್ಚುವಾಗ ಅಲುಗಿದ್ದಕ್ಕೆ ಸ್ವಲ್ಪ ಹೊತ್ತು ಓಡ್ತು, ಅಷ್ಟೆ. ಆಮೇಲೆ ಅದರ ಕಾಲನ್ನೂ ಕಟ್ಟಿಹಾಕಿದೆ!”

ಭೂಮಿ ಬಾಯಿ ಬಿಡಲಿ ಎಂದು ಕಾದೆ. ಬಿಡಲಿಲ್ಲ.

ತಾತ ಅಂಟು ಕೆರೆದು ತೆಗೆದರು. ನಾನು ಆ ಸ್ಟೂಲನ್ನೇ ನೋಡುತ್ತಿದ್ದುದು ಅವರಿಗೆ ಕಂಡಿರಬೇಕು. “ಹೀಗೆ ಮಾಡು,” ಎಂದರು. “ಹತ್ತು ದಿನ ಇದನ್ನ ಕೈಗೆ ಕಟ್ಕೊಂಡಿರು. ನಿಲ್ದೇ ಓಡ್ತಾ ಇದ್ರೆ ಬಂದು ಹೇಳು. ಸ್ಟೂಲಿನ ಮಾತು ಆಮೇಲೆ.”

ಇಷ್ಟು ಸುಲಭದ ಪರೀಕ್ಷೆಯನ್ನು ನಾನು ಶಾಲೆಯಲ್ಲಿ ಕಂಡಿರಲಿಲ್ಲ. ವಾಚು ಎಲ್ಲಿಯಾದರೂ ತಾಗೀತೆಂದು ಎಡಗೈಯನ್ನು ದಿಂಬಿನ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತೆ. ಮೋಡಗಳು ಹಾದು ಹೋದವು. ಒಂದು ಮೋಡಕ್ಕೆ ಚಕ್ರದಂತೆ ಹಲ್ಲುಗಳಿದ್ದವು. ಅದರ ಮೇಲೆ ಸ್ಟೂಲು ಹಾಕಿಕೊಂಡು ಬಹಳ ದೂರ ಹೋದೆ. ಮೂರನೆಯ ದಿನ ಮಧ್ಯಾಹ್ನ ಹಿಂತಿರುಗಿ ಬಂದು ನೋಡಿದರೆ ವಾಚು ನಿಂತಿತ್ತು.

“ಪ್ಲಾಸ್ಟರ್ ಹಾಕಿರೋದು ನಂಗೋ ನಿಂಗೋ?” ಎಂದ ಅಪ್ಪ.

ಅಮ್ಮ ಯಂತ್ರ ಬಿಟ್ಟು ಎದ್ದಳು. ವಾಚನ್ನು ಬಿಚ್ಚಿ ತನ್ನ ಕೈಗೆ ಕಟ್ಟಿಕೊಂಡಳು. ಆ ಕೈ ಬಟ್ಟೆ ಕತ್ತರಿಸಿತು, ಇಸ್ತ್ರಿ ಮಾಡಿತು, ಪಾತ್ರೆ ಉಜ್ಜಿತು, ಅಪ್ಪನ ಬೆನ್ನು ತಿಕ್ಕಿತು, ಆಗಾಗ ನನ್ನ ಕಿವಿಯನ್ನೂ ಹಿಂಡಿತು. ವಾಚು ಒಂದು ನಿಮಿಷವೂ ಹಿಂದೆ ಬೀಳಲಿಲ್ಲ.

ಹತ್ತನೆಯ ದಿನ ಅದನ್ನು ತಾತನ ಮುಂದಿಟ್ಟೆ. ಅವರು ಕಿವಿಗಿಟ್ಟುಕೊಂಡು ತಲೆದೂಗಿದರು.

“ಭೇಷ್! ನಿಲ್ಲಲೇ ಇಲ್ವಾ?”

ಹೂಂ ಎಂದಿದ್ದರೆ ಮುಗಿದಿತ್ತು. ಆದರೆ ನನಗೆ ಸುಳ್ಳು ಹೇಳಲು ಇನ್ನೂ ಮೂರು ದಿನ ಅಭ್ಯಾಸ ಬೇಕಿತ್ತು. “ನನ್ನ ಕೈಯಲ್ಲಿ ನಿಂತುಹೋಯ್ತು. ಆಮೇಲೆ ಅಮ್ಮನ ಕೈಯಲ್ಲಿತ್ತು,” ಎಂದೆ.

ತಾತ ಭೂತಗನ್ನಡಿ ತೆಗೆದು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಾಗಾದ್ರೆ ನಾಳೆಯಿಂದ ನಿಮ್ಮಮ್ಮನ್ನೇ ಕಳಿಸಮ್ಮ!”

ಮನೆಗೆ ಬಂದು ತಾತನ ತಮಾಷೆಯನ್ನು ಹೇಳಿದೆ. ಅಪ್ಪ ನಕ್ಕ. ಅಮ್ಮ ನಗಲಿಲ್ಲ. ಹೊಲಿಯುತ್ತಿದ್ದ ಅಂಗಿಯನ್ನು ಯಂತ್ರದಿಂದ ಎಳೆದು ದಾರ ಕಚ್ಚಿ ಕತ್ತರಿಸಿದಳು.

“ಎಷ್ಟು ಗಂಟೆಗೆ ಬರ್ಬೇಕಂತೆ?”

“ಅಮ್ಮಾ, ಅವರು ತಮಾಷೆಗೆ ಹೇಳಿದ್ದು…”

“ನಾನು ಕೇಳಿದ್ದು ಗಂಟೆ,” ಎಂದು ಅಮ್ಮ ಆರು ಅಂಗಿಗಳನ್ನು ನನ್ನ ಮಡಿಲಿಗೆ ಹಾಕಿದಳು. “ಇವಕ್ಕೆಲ್ಲ ಗುಂಡಿ ಬಾಕಿ ಇದೆ. ನಾನು ಬರೋದ್ರೊಳಗೆ ಹಾಕಿಡು. ಕೈ ಸ್ವಲ್ಪ ಆಡ್ಲಿ.”