ಮಾವನ ಇನ್ನೂರು ಗುಣಾಕಾರ

ನನ್ನ ಸೋದರಮಾವ ಈ ಲೋಕದಲ್ಲಿ ಯಾರ ಲೆಕ್ಕವನ್ನೂ ನಂಬಿದವರಲ್ಲ, ತಮ್ಮದನ್ನೂ! ಆನೆಗುಡ್ಡೆಯ ಗಣಪತಿ ಗುಡಿಯಲ್ಲಿ ಇಪ್ಪತ್ತೊಂದು ಪ್ರದಕ್ಷಿಣೆ ಮುಗಿಸಿ, ಒಂದು ಕಡಿಮೆಯಾಯಿತೇನೋ ಎಂದು ಮತ್ತೆ ಮೊದಲಿನಿಂದ ಇಪ್ಪತ್ತೊಂದು ಹಾಕಿದ್ದರು. ಇನ್ನೊಂದೇ ಹಾಕಿದ್ದರೆ ಸಾಲದಿತ್ತೇ ಎಂದರೆ, "ಇಪ್ಪತ್ತೆರಡಾರೆ ಎಂತ ಮಾಡುದ್?" ಎಂದರು.

ತೆಕ್ಕಟ್ಟೆಯಲ್ಲಿದ್ದ ನಿವೃತ್ತ ಗಣಿತ ಉಪನ್ಯಾಸಕರು ಅವರು. ನಾನು ಕುಂದಾಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಮೇಷ್ಟ್ರು. ಕಂಪ್ಯೂಟರ್ ಮುಟ್ಟಿದವನೆಲ್ಲ ಪಂಡಿತನೆನಿಸಿಕೊಳ್ಳುತ್ತಿದ್ದ ಕಾಲ. ನಾನಂತೂ ಎರಡೂ ಕೈಯಲ್ಲಿ ಮುಟ್ಟುತ್ತಿದ್ದೆ.

ಆಗ ಒಂದು ಪ್ರೋಗ್ರಾಂ ಬರೆದಿದ್ದೆ. ಇನ್ನೂರು ಸಾಲು, ಇನ್ನೂರು ಕಂಬಗಳ ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆಗಳ ಚೌಕ, ಕೊಟ್ಟರೆ ಅದರ ವಿಲೋಮವನ್ನು, ಅಂದರೆ ಇನ್ವರ್ಸನ್ನು, ಹುಡುಕುತ್ತಿತ್ತು. ನಮ್ಮ ಹಳೆಯ ಯಂತ್ರಕ್ಕೆ ಅರ್ಧ ಗಂಟೆ ಬೇಕು. ಅದಕ್ಕೇ ಒಂದು ಉಪಾಯ ಮಾಡಿದೆ: ಒಮ್ಮೆ ಸಿಕ್ಕಿದ ಉತ್ತರವನ್ನು ಎತ್ತಿಟ್ಟುಕೊಂಡು, ಮತ್ತೆ ಕೇಳಿದರೆ ಅದನ್ನೇ ಕೊಡುವುದು. ಮುಂದಿನ ವಾರ ಬೇರೆ ಕಾಲೇಜುಗಳವರ ಮುಂದೆ ಪ್ರದರ್ಶನ. ಮೊದಲು ಮಾವನಿಗೆ ತೋರಿಸಿದೆ. ಅರ್ಧ ಗಂಟೆಗೆ ಉತ್ತರ ಬಂತು.

ಮಾವ ಮೊದಲ ಸಾಲಿನ ಒಂದು ಮೂರನ್ನು ಏಳು ಮಾಡಿಸಿದರು. ಈ ಸಲ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು.

"ಇಷ್ಟ್ ಬೇಗ ಹ್ಯಾಂಗಾ ಬಂತ್?"

"ಅದೇ ವಿದ್ಯೆ, ಮಾವ," ಎಂದು ಕಾಲರ್ ಸರಿಪಡಿಸಿಕೊಂಡೆ.

ಅವರು ಆ ಮೊದಲ ಸಾಲನ್ನೂ ಉತ್ತರದ ಮೊದಲ ಕಂಬವನ್ನೂ ಮುದ್ರಿಸಿಕೊಂಡು ಹೋದರು. ಎರಡನ್ನೂ ಜೋಡಿ ಜೋಡಿಯಾಗಿ ಗುಣಿಸಿ ಕೂಡಿದರೆ, ಉತ್ತರ ಸರಿಯಿದ್ದಲ್ಲಿ, ಒಂದು ಬರಬೇಕು. ಇನ್ನೂರು ಗುಣಾಕಾರ, ಅದೂ ದಶಾಂಶದಲ್ಲಿ, ಕೈಯಲ್ಲಿ! ಮೂರನೆಯ ದಿನ ಲೆಕ್ಕ ತುಂಬಿದ ಕ್ಯಾಲೆಂಡರ್ ಹಾಳೆಗಳ ಕಟ್ಟು ಹಿಡಿದು ಕಾಲೇಜಿನೆದುರು ಬಸ್ಸಿಳಿದರು.

"ಮಾಣಿ, ಒಂದ್ ಬತ್ತಿಲ್ಲ."

"ಕಂಪ್ಯೂಟರ್ ತಪ್ಪುದಿಲ್ಲ ಮಾವ. ನಿಮ್ಗ್ ವಯಸ್ಸಾಯ್ತ್," ಎಂದೆ, ವಿದ್ಯಾರ್ಥಿಗಳ ಎದುರಿಗೇ.

ಮಾವ ಮನೆಗೆ ಹೋಗಿ ಇನ್ನೂರನ್ನೂ ಮತ್ತೆ ಗುಣಿಸಿದರು. ಪ್ರದರ್ಶನದ ಹಿಂದಿನ ದಿನ ಫೋನ್ ಬಂತು: "ಅವತ್ತ್ ನಾನ್ ಮೂರನ್ನ್ ಏಳ್ ಮಾಡ್ಸಿ ಲೆಕ್ಕ ಬದ್ಲ್ ಮಾಡ್ದೆ. ನಿನ್ ಉತ್ತರ ಬದ್ಲ್ ಆಯ್ತಾ ಕಾಣ್."

ನೋಡಿದೆ. ಆಗಿರಲಿಲ್ಲ. ಮ್ಯಾಟ್ರಿಕ್ಸ್ ಬದಲಾದರೆ ಹಳೆಯ ಉತ್ತರವನ್ನು ಎಸೆಯಬೇಕೆಂದು ಪ್ರೋಗ್ರಾಮಿಗೆ ಹೇಳಲು ಈ ಪಂಡಿತ ಮರೆತಿದ್ದ! ಸರಿಪಡಿಸಿದೆ. ಆದರೆ ಮಾವನಿಗೆ ತಪ್ಪಾಯಿತೆನ್ನಲು ನಾಲಿಗೆ ಹೊರಳಲಿಲ್ಲ. "ಸಣ್ಣದೊಂದ್ ತೊಂದ್ರೆ ಇತ್ತ್," ಎಂದೆ.

ಮರುದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೊನೆಯ ಬೆಂಚಿನಲ್ಲಿ ಕುಳಿತಿದ್ದರು. ಪ್ರೋಗ್ರಾಂ ಸರಿಯಾಗಿ ನಡೆಯಿತು; ಸಂಖ್ಯೆ ಬದಲಿಸಿದಾಗ ಹೊಸದಾಗಿ ಲೆಕ್ಕ ಹಾಕಿತು. ಬಂದಿದ್ದ ಹಿರಿಯ ಪ್ರಾಧ್ಯಾಪಕರೊಬ್ಬರು, "ಲೆಕ್ಕ ಬದಲಾದಾಗ ಹಳೆಯ ಉತ್ತರ ಬಿಡುವ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇದನ್ನು ಗಮನಿಸಿದ್ದು ಯಾರು?" ಎಂದು ಕೇಳಿದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಮಾವನ ದನಿ ಬಂತು: "ಅಂವ್ನೇ. ನನ್ನ್ ಅಕ್ಕನ ಮಗ."

ನಿಜ ಹೇಳಲೆಂದು ಎದ್ದು ನಿಂತೆ. ಅಷ್ಟರಲ್ಲಿ ಮಾವನೇ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟತೊಡಗಿದ್ದರು.