ತಡಕ್ಕೆ ಕಾರಣ ಬರೆಯುವ ಕಾಕಾ

ನಮ್ಮ ಕಾಕಾ ಹುಟ್ಟಿದಾಗಿನಿಂದ ಒಂದು ದಿನವೂ ತಡ ಮಾಡಿದವನಲ್ಲ. ಆದರೆ ಅವನಿಗೆ ಅನ್ನ ಹಾಕಿದ್ದೇ ತಡ!

ಶಿಗ್ಗಾಂವಿ ಕಡೆ ರಸ್ತೆ ಅಗಲ ಮಾಡಿಸುವ ಒಂದು ಸರ್ಕಾರಿ ಕಚೇರಿಯಲ್ಲಿ ಅವನು ಕೋರ್ಟಿನ ಕಾಗದ ನೋಡುವ ಗುಮಾಸ್ತ. ರಸ್ತೆಗೆ ಜಾಗ ಕಳೆದುಕೊಂಡವರು ಪರಿಹಾರ ಸಾಲದು ಎಂದರೆ ಮಧ್ಯಸ್ಥಿಕೆದಾರರು ತೀರ್ಪು ಕೊಡುತ್ತಾರೆ. ಅದು ಹಿಡಿಸದಿದ್ದರೆ ಕಚೇರಿ ಗಡುವಿನೊಳಗೆ ಅಪೀಲು ಹಾಕಬೇಕು. ಹಾಕದೇ ಬಿಡುತ್ತದೆಯೇ? ಹಾಕುತ್ತದೆ, ಗಡುವು ಮುಗಿದ ಮೇಲೆ! ಆಗ ತಡವಾದ ಒಂದೊಂದು ದಿನಕ್ಕೂ ಕಾರಣ ಕೊಟ್ಟು ಕೋರ್ಟಿನ ಕ್ಷಮೆ ಕೇಳಬೇಕು. ಆ ಅರ್ಜಿ ಬರೆಯುವವನು ಕಾಕಾ. ಸಾಹೇಬರ ವರ್ಗಾವಣೆ, ಚುನಾವಣೆ ಕೆಲಸ, ಫೈಲಿನೊಳಗೆ ಫೈಲು ಸೇರಿಕೊಂಡದ್ದು... ಅವನ ಹತ್ತಿರ ಇಲ್ಲದ ಕಾರಣವೇ ಇಲ್ಲ. ಸಾಹೇಬರು ಓದದೇ ಸಹಿ ಹಾಕುತ್ತಿದ್ದರು.

ಈ ರೋಗ ಮನೆಗೂ ಬಂತು. ಸವಣೂರಿನ ಬೀಗರ ದಿಬ್ಬಣ ತಾಸು ತಡವಾದಾಗ, ಅಕ್ಷತೆ ಕೈಯಲ್ಲಿ ಹಿಡಿದೇ ಡ್ರೈವರನ ಹೇಳಿಕೆ ಬರೆದುಕೊಂಡ ಮಹಾಶಯ ಇವನು! ಹಾನಗಲ್ಲಿನಿಂದ ನಾನು ಹಬ್ಬಕ್ಕೆ ಎರಡು ದಿನ ತಡವಾಗಿ ಹೋದರೆ ಹೊಸ್ತಿಲಲ್ಲೇ ತಡೆದ.

"ಸೋಮವಾರ ಯಾಕ ಬರ್ಲಿಲ್ಲ?"

"ಜ್ವರಾ ಬಂದಿತ್ತು ಕಾಕಾ."

"ಮಂಗಳವಾರ?"

"ಅದ ಜ್ವರಾ."

"ಒಂದ ಕಾರಣ ಎರಡ ದಿನಕ್ಕ ನಡ್ಯಂಗಿಲ್ಲ. ಬ್ಯಾರೆ ಹೇಳು!"

ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕು, ಕೂಗಿದಳು: "ಅವನ್ನ ಒಳಗರ ಬಿಡ್ರಿ! ನೀವು ಒಂದ ದಿನಾನೂ ಊಟಕ್ಕ ತಡಾ ಮಾಡಿಲ್ಲ, ಅದಕ್ಕೂ ಕಾರಣ ಬರೀರಿ!"

ತಡಸ ಎಂಬ ಊರಿನ ಒಬ್ಬ ಮುದುಕಿಯ ಮನೆ ರಸ್ತೆಗೆ ಹೋಗಿತ್ತು. ಮಧ್ಯಸ್ಥಿಕೆಯಲ್ಲಿ ಗೆದ್ದಿದ್ದಳು. ಪರಿಹಾರ ಕೈಗೆ ಬಂದರೆ ಊರಲ್ಲೇ ಒಂದು ಖೋಲಿ ಕಟ್ಟಿಕೊಳ್ಳುವ ಆಸೆ. ಅಲ್ಲಿಯವರೆಗೆ ಹಂಸಭಾವಿಯಲ್ಲಿ ಮಗಳ ಮನೆಯೇ ಗತಿ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಂದು ಕಾಕಾನ ಮೇಜಿನ ಮುಂದೆ ನಿಲ್ಲುತ್ತಿದ್ದಳು.

"ಅಪೀಲ ಹಾಕ್ತೀರೇನ್ರಿ? ಹಾಕೂದಾದ್ರ ಲಗೂನ ಹಾಕ್ರಿ. ಭಾಳ ದಿನಾ ಕಾಯೂ ವಯಸ್ಸಲ್ರಿ ನಂದು."

ಗಡುವು ಮುಗಿದು ಎಷ್ಟೋ ದಿನಗಳಾದ ಮೇಲೆ ಸಾಹೇಬರಿಗೆ ಎಚ್ಚರವಾಯಿತು. "ಅಪೀಲ ಹಾಕೂಣು. ಕಾರಣ ನೀವ ಏನರ ಬರೀರಿ" ಎಂದರು. ಕಾಕಾ ಸಾಹೇಬರ ಹೆಸರಿನಲ್ಲಿ ಬರೆದ: 'ಫೈಲು ಮೊದಲು ಗುಮಾಸ್ತನ ಮೇಜಿನ ಮೇಲಿತ್ತು. ಆಮೇಲೆ ನನ್ನ ಮೇಜಿನ ಮೇಲಿತ್ತು. ಬೇರೆ ಕಾರಣವಿಲ್ಲ.' ಸಾಹೇಬರು ಎಂದಿನಂತೆ ಓದದೇ ಸಹಿ ಹಾಕಿದರು. ಕೋರ್ಟು ಮಾತ್ರ ಓದಿತು! ಅಪೀಲು ವಜಾ ಆಯಿತು.

"ಏನ್ರಿ ಇದು!" ಎಂದು ಸಾಹೇಬರು ಹಾರಾಡಿದರು.

"ಖರೇನ ಬರದೇನ್ರಿ ಸರ್. ಸಹಿ ನಿಮ್ದ ಐತಿ."

ಕಾಕಾನಿಗೆ ನೋಟೀಸು ಬಂತು. ಉತ್ತರ ಕೊಡಲು ವಾರದ ಗಡುವಿತ್ತು, ಮಧ್ಯಾಹ್ನದೊಳಗೆ ಕೊಟ್ಟ! ಅವನನ್ನು ದೂರದ ಹಿರೇಕೆರೂರಿಗೆ ಎತ್ತಿ ಹಾಕಿದರು. ಈಗ ನಸುಕಿಗೇ ಎದ್ದು ಬಸ್ಸಿಗಿಂತ ಮೊದಲೇ ನಿಲ್ದಾಣದಲ್ಲಿರುತ್ತಾನೆ.

ಮೊನ್ನೆ ಒಂದು ಭಾನುವಾರ ನಾನು ಕಾಕಾನ ಮನೆಯಲ್ಲೇ ಇದ್ದೆ. ಬಾಗಿಲಲ್ಲಿ ಆ ಮುದುಕಿ ಬಂದು ನಿಂತಳು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಶೇಂಗಾ ಹೋಳಿಗೆ.

"ಖೋಲಿ ಕಟ್ಟೇನ್ರಿ. ಒಳಗ ಹೊಕ್ಕು ತಿಂಗಳಾತು. ನಿಮಗ ಹೇಳಾಕ ಬರೂದು ಭಾಳ ತಡಾ ಆತು, ಯಾಕಂದ್ರ..."

ಒಂದೊಂದು ದಿನದ ಲೆಕ್ಕ ಕೇಳುತ್ತಾನೆಂದು ನಾನು ನಗು ತಡೆದುಕೊಂಡು ಕಾದೆ. ಕಾಕಾ ಎದ್ದು ತನ್ನ ಕುರ್ಚಿಯನ್ನು ಅವಳ ಕಡೆ ಸರಿಸಿದ.

"ಕಾರಣ ಬ್ಯಾಡ ಯವ್ವಾ. ಕುಂದ್ರು."