ಬೀಗಿತ್ತಿ ಅಮೆರಿಕ, ನಾನು ರಷ್ಯಾ

ಒಂದು ಅಡುಗೆಮನೆಯಲ್ಲಿ ಇಬ್ಬರು ಅಜ್ಜಿಯರು ಇರಬಾರದು. ನಾನು ಓದಿದ್ದು ನಾಲ್ಕನೇ ಕ್ಲಾಸು, ಆದರೂ ಇಷ್ಟು ಗೊತ್ತು.

ಮಗಳು ನಿಶ್ಚಿತಾಗೆ ಎರಡನೇ ಹೆರಿಗೆ. ಬಾಣಂತನಕ್ಕೆಂದು ನಾನು ಮಂಡ್ಯದಿಂದ ಸಿಂಗಪುರಕ್ಕೆ ಬಂದೆ. ಮೊಮ್ಮಗನ ಮುಖ ನೋಡಲೆಂದು ಬೀಗಿತ್ತಿ ನಿರುಪಮಾ ಅವರೂ ಬೆಂಗಳೂರಿನಿಂದ ಬಂದರು. ಮುಖ ನೋಡಿಯಾಯಿತು. ಹೊರಡಲಿಲ್ಲ.

ಸೆಂಗ್‌ಕಾಂಗ್‌ನಲ್ಲಿ ಹನ್ನೊಂದನೇ ಮಹಡಿಯ ಮನೆ. ಅವರು ಗಂಡಿನ ತಾಯಿ, ಬಿ.ಎ. ಮಾಡಿದವರು, ಇಂಗ್ಲಿಷ್ ಬಲ್ಲವರು. ನಾನು ಹೆಣ್ಣಿನ ತಾಯಿ. ನಮ್ಮಲ್ಲಿ ಜಗಳ ಇಲ್ಲ. ಬೀಗಿತ್ತಿಯರು ಜಗಳ ಆಡುವುದಿಲ್ಲ, ಉಪಚಾರ ಮಾಡುತ್ತಾರೆ. (ಜಗಳವಾದರೆ ಒಂದು ದಿನಕ್ಕೆ ಮುಗಿಯುತ್ತದೆ.) ಅವರು ಏಳುವ ಮೊದಲೇ ಎದ್ದು ನಾನು ಕಾಫಿ ಇಟ್ಟೆ. ಮಾರನೇ ದಿನ ನನಗಿಂತ ಮೊದಲೇ ಎದ್ದು ಅವರು ಇಟ್ಟರು. ಇಲ್ಲಿ ಒಗೆದ ಬಟ್ಟೆಯನ್ನು ಬಿದಿರಿನ ಗಳುವಿಗೆ ಸಿಕ್ಕಿಸಿ ಕಿಟಕಿಯಿಂದ ಆಕಾಶಕ್ಕೆ ಚಾಚಬೇಕು. ಆ ಉಡಾವಣೆಯಲ್ಲೂ ಪೈಪೋಟಿ. ಅಳಿಯ ಪ್ರತಾಪ್ ಆಫೀಸಿಗೆ ಹಾಕಿಕೊಳ್ಳಬೇಕೆಂದು ಕುರ್ಚಿಯ ಮೇಲೆ ಇಟ್ಟಿದ್ದ ಇಸ್ತ್ರಿ ಅಂಗಿಯನ್ನೂ ಒಂದು ದಿನ ಒಗೆದು ಹಾರಿಸಿದೆವು.

ಅಷ್ಟರಲ್ಲಿ ಹತ್ತು ವರ್ಷದ ಮೊಮ್ಮಗಳು ಅನಘಾ ಶಾಲೆಯಿಂದ ಸುದ್ದಿ ತಂದಳು. ರಷ್ಯಾ ಅಮೆರಿಕ ಎರಡೂ ನಾನು ಮೊದಲು ತಾನು ಮೊದಲು ಎಂದು ರಾಕೆಟ್ ಬಿಟ್ಟ ಕಾಲದ ಬಗ್ಗೆ ಅವಳ ಕ್ಲಾಸಿನಲ್ಲಿ ಕಾರ್ಯಕ್ರಮ. ಮಕ್ಕಳ ನಾಟಕ, ಆಮೇಲೆ ಆ ಕಾಲ ಕಂಡ ಹಿರಿಯರೊಬ್ಬರು ವೇದಿಕೆಯ ಮೇಲೆ ಕೂತು ನೆನಪು ಹೇಳಬೇಕು. ಕರೆತರುವ ಜವಾಬ್ದಾರಿ ಅನಘಾಳದು. ಕುರ್ಚಿ ಒಂದೇ.

ಆ ಕುರ್ಚಿ ನನಗೆ ಬೇಕಾಯಿತು.

ಕಾರಣ ನಮ್ಮ ಯಜಮಾನರು. ಬಸ್ ಡಿಪೋದಲ್ಲಿ ಟೈರ್ ನೋಡಿಕೊಳ್ಳುತ್ತಿದ್ದರು. ಕೈಯೆಲ್ಲ ಕರಿ, ತಲೆಯೆಲ್ಲ ರಷ್ಯಾ. ರಷ್ಯಾದಿಂದ ಬಣ್ಣದ ಪತ್ರಿಕೆ ತರಿಸುತ್ತಿದ್ದರು. ಚಂದಾ ಅಗ್ಗ, ಕಾಗದ ನುಣುಪು. ಅವರು ಓದಿ ಮುಗಿಸುವುದನ್ನೇ ಕಾದು ಬೀದಿಯ ಮಕ್ಕಳು ಪುಸ್ತಕಕ್ಕೆ ಹೊದಿಸಿಕೊಳ್ಳುತ್ತಿದ್ದರು. ಮೊದಲ ಉಪಗ್ರಹ ರಷ್ಯಾದ್ದು, ಮೊದಲ ನಾಯಿ ರಷ್ಯಾದ್ದು, ಮೊದಲ ಮನುಷ್ಯ, ಮೊದಲ ಹೆಂಗಸು, ಎಲ್ಲ ರಷ್ಯಾದ್ದು. ನಾನು ರೊಟ್ಟಿ ತಟ್ಟುವಾಗ ಎದುರು ಕೂತು ಇದನ್ನೇ ಹೇಳುವರು.

ಅಮೆರಿಕದವರು ಚಂದ್ರನ ಮೇಲೆ ಕಾಲಿಟ್ಟ ದಿನ ಊಟ ಬಿಟ್ಟರು. ನಾನು ಆಗಿನ್ನೂ ಹೊಸ ಸೊಸೆ. ಯಾರೋ ಹತ್ತಿರದವರು ಹೋಗಿರಬೇಕು ಎಂದುಕೊಂಡು ನಾನೂ ಊಟ ಬಿಟ್ಟೆ. ರಾತ್ರಿ ಕಾರಣ ಗೊತ್ತಾಯಿತು. ಅಷ್ಟು ಹೊತ್ತಿಗೆ ಅನ್ನ ಹಳಸಿತ್ತು.

ನಮ್ಮ ಮಂಗಳಯಾನ ಮಂಗಳ ಮುಟ್ಟಿದ್ದನ್ನು ಟಿವಿಯಲ್ಲಿ ನೋಡಿದರು. ಆ ಚಳಿಗಾಲದಲ್ಲೇ ಹೋದರು. ಈಗ ವರ್ಷ ತುಂಬಿದೆ. ಈ ಮನೆಯಲ್ಲಿ ಯಾರೂ ಅವರ ಮಾತು ಎತ್ತುವುದಿಲ್ಲ, ನಾನು ಅಳುತ್ತೇನೆಂದು. ಎತ್ತದಿದ್ದರೂ ಅಳುತ್ತೇನೆ. ಅದಕ್ಕಿಂತ ಎತ್ತುವುದೇ ವಾಸಿ. ಆ ಕುರ್ಚಿಯಲ್ಲಿ ಕೂತರೆ ಎತ್ತಬಹುದಿತ್ತು.

ಬೀಗಿತ್ತಿಯವರಿಗೂ ಕುರ್ಚಿ ಬೇಕಿತ್ತು. ಚಂದ್ರನ ಸುದ್ದಿಯನ್ನು ಅವರು ರೇಡಿಯೋದಲ್ಲಿ ಕೇಳಿದ್ದರಂತೆ. ಅವರ ತಂದೆ ಬೀದಿಗೆಲ್ಲ ಮೈಸೂರು ಪಾಕು ಹಂಚಿದ್ದರಂತೆ. ನಾವು ಉಪವಾಸವಿದ್ದ ದಿನ ಅವರು ಮೈಸೂರು ಪಾಕು ತಿಂದಿದ್ದಾರೆ. ಇದನ್ನು ಕೇಳಿದ ಮೇಲೆ ಸುಮ್ಮನಿರುವುದು ಹೇಗೆ?

ಶೀತಲ ಸಮರ ಶುರುವಾಯಿತು. ನಾನು ಅನಘಾಗೆ ಕೋಡುಬಳೆ ಕರಿದೆ. ಅವರು ಪಿಜ್ಜಾ ತರಿಸಿದರು. ನಾನು ಅವಳ ತಲೆಗೆ ಎಣ್ಣೆ ಒತ್ತಿದೆ. ಅವರು ಇಂಗ್ಲಿಷ್ ಹೋಂವರ್ಕ್ ಮಾಡಿಸಿದರು. ನಮ್ಮ ದೇಶ ಆಗ ರಷ್ಯಾದಿಂದ ಉಕ್ಕಿನ ಕಾರ್ಖಾನೆ, ಅಮೆರಿಕದಿಂದ ಗೋಧಿ ತೆಗೆದುಕೊಂಡು ಇಬ್ಬರಿಗೂ ನಮಸ್ಕಾರ ಹೇಳುತ್ತಿತ್ತು ಎಂದು ಯಜಮಾನರು ನಗುತ್ತಿದ್ದರು. ಮೊಮ್ಮಗಳು ಆ ಅಲಿಪ್ತ ನೀತಿಯನ್ನೇ ಹಿಡಿದಳು. ಎರಡೂ ಕಡೆ ತಿಂದಳು. ಯಾರಿಗೂ ಮಾತು ಕೊಡಲಿಲ್ಲ.

ಕೊನೆಗೆ ಒಂದು ಸಂಜೆ ಊಟಕ್ಕೆ ಕೂತಾಗ ಪ್ರತಾಪ್ ಕೇಳಿಯೇಬಿಟ್ಟ. ನಾಳೆಯೊಳಗೆ ಟೀಚರಿಗೆ ಹೆಸರು ಕೊಡಬೇಕು, ಯಾರು ಹೋಗುತ್ತೀರಿ ಎಂದ.

ನಾನು ಹೆಣ್ಣಿನ ತಾಯಿ. ಬಾಯಿಬಿಟ್ಟು ನಾನು ಎನ್ನಲಾಗುತ್ತದೆಯೇ? ಅವರೇ ಹೋಗಲಿ, ಓದಿದವರು ಎಂದೆ. ಬೀಗಿತ್ತಿಯವರು ಛೆ, ನೀವಿರುವಾಗ ನಾನು ಹೋಗುವುದೇ ಎಂದರು. ನಾನು ಮಂಡಿನೋವು ಎಂದೆ. ಅವರು ಬಿಪಿ ಎಂದರು. ನನಗೆ ನಾಲ್ಕು ಜನರ ಮುಂದೆ ಮಾತು ಬರದು ಎಂದೆ. ಅವರು ತಮಗೆ ಮೈಕ್ ಎಂದರೆ ಕೈ ನಡುಕ ಎಂದರು. (ಶುದ್ಧ ಸುಳ್ಳು. ಅವರ ಕೈಯಿಂದ ಮೈಕ್ ಕಿತ್ತುಕೊಳ್ಳಲು ನನ್ನ ಮಗಳ ಮದುವೆಯಲ್ಲಿ ಮೂವರು ಬೇಕಾಗಿದ್ದರು.)

ಎಲ್ಲ ಸರಿಯಾಗಿಯೇ ನಡೆದಿತ್ತು. ಮೂರು ಸಲ ಬೇಡ ಎನ್ನಬೇಕು, ನಾಲ್ಕನೇ ಸಲ ಎದುರಿನವರು ಬಲವಂತ ಮಾಡಬೇಕು, ಆಗ ನಿಟ್ಟುಸಿರು ಬಿಟ್ಟು ಒಪ್ಪಬೇಕು. ನಾನು ನಿಟ್ಟುಸಿರು ತೆಗೆದಿಟ್ಟುಕೊಂಡಿದ್ದೆ.

ಅನಘಾ ಅಪ್ಪನ ಫೋನು ಕೆಳಗಿಟ್ಟಳು.

"ಡನ್. ಟೀಚರ್‌ಗೆ ಮೆಸೇಜ್ ಮಾಡ್ದೆ. ಎದುರು ಮನೆ ಲಿಮ್ ಅಂಕಲ್ ಬರ್ತಾರೆ."

"ಯಾರೇ ಅದು? ನಾವಿಬ್ರು ಇಲ್ವೇನೇ?"

"ನೀವಿಬ್ರೂ ನೋ ಅಂದ್ರಲ್ಲಾ ಅಜ್ಜಿ. ತ್ರೀ ಟೈಮ್ಸ್ ಅಂದ್ರಿ. ನಾನ್ ಫೋರ್ಸ್ ಮಾಡಲ್ಲ ಲಾ." (ಈ ಊರಿನವರು ಮಾತಿನ ಕೊನೆಗೆಲ್ಲ ಲಾ ಅಂಟಿಸುತ್ತಾರೆ.)

ಪ್ರತಾಪ್ ತಟ್ಟೆ ನೋಡಿದ. ಬೀಗಿತ್ತಿಯವರು ನನ್ನನ್ನು ನೋಡಿದರು. ನಾನು ಸಾರು ನೋಡಿದೆ. ಈಗ ಬೇಕು ಎಂದರೆ ಮಾನ ಹೋಗುತ್ತದೆ, ಬೇಡ ಎಂದರೆ ಕುರ್ಚಿ ಹೋಗುತ್ತದೆ. ಕುರ್ಚಿ ಹೋಯಿತು. ನಮ್ಮಲ್ಲಿ ಬೇಡ ಎಂದರೆ ಇನ್ನೊಮ್ಮೆ ಕೇಳು ಎಂದರ್ಥ. ಆ ಕೂಸಿಗೆ ಎಣ್ಣೆ ಒತ್ತಿದೆವು, ಪಿಜ್ಜಾ ತಿನ್ನಿಸಿದೆವು, ಇದೊಂದನ್ನು ಹೇಳಿಕೊಡಲಿಲ್ಲ.

ಆ ದಿನ ಮಲಗುವ ಮುಂಚೆ ನಿಶ್ಚಯ ಮಾಡಿದೆ. ಇನ್ನು ಮೇಲೆ ಈ ಊರಲ್ಲಿ ಯಾರು ಏನು ಕೇಳಿದರೂ ಮೊದಲ ಸಲಕ್ಕೇ ಹೂಂ ಎನ್ನುವುದು.

ಕಾರ್ಯಕ್ರಮದ ದಿನ ನೋಡಲಿಕ್ಕೆಂದು ನಾವಿಬ್ಬರೂ ಹೋದೆವು, ರೇಷ್ಮೆ ಸೀರೆ ಉಟ್ಟು. ಮುಂದಿನ ಸಾಲಿನಲ್ಲಿ ಕೂತೆವು. ಲಿಮ್ ಅಂಕಲ್ ಅರ್ಧ ಚಡ್ಡಿ ಹಾಕಿಕೊಂಡು ಬಂದಿದ್ದರು. ನನ್ನ ಕುರ್ಚಿಗೆ ಕೆಂಪು ಬಟ್ಟೆ ಹೊದಿಸಿದ್ದರು.

ನಾಟಕ ಶುರುವಾಗುವ ಮುಂಚೆ ವಿಜ್ಞಾನಿಯ ಬಿಳಿ ಕೋಟು ತೊಟ್ಟ ಅನಘಾ ಓಡಿ ಬಂದಳು. ಒಬ್ಬಳಿಗೆ ಜ್ವರವಂತೆ. ಒಂದು ಪಾತ್ರ ಖಾಲಿಯಂತೆ.

"ಅಜ್ಜಿಯರು ಯಾರಾದ್ರೂ ಬರ್ತೀರಾ?"

ಬೀಗಿತ್ತಿಯವರು "ಛೆ, ನಮಗ್ಯಾಕಮ್ಮಾ" ಎಂದು ಮೊದಲ ಸುತ್ತು ಆರಂಭಿಸಿದರು. ಪಾಪ, ಇನ್ನೂ ಕಲಿತಿರಲಿಲ್ಲ.

"ನಾನು ಬರ್ತೀನಿ" ಎಂದೆ. ಎದ್ದೂ ಬಿಟ್ಟೆ. ರಷ್ಯಾ ಮತ್ತೆ ಮೊದಲು.

ವೇದಿಕೆಯ ಹಿಂದೆ ಹೋದ ಮೇಲೆ ಪಾತ್ರ ಯಾವುದೆಂದು ಕೇಳಿದೆ. ಅನಘಾ ನನ್ನ ತಲೆಗೆ ಎರಡು ಕಿವಿ ಸಿಕ್ಕಿಸಿದಳು.

ನಾಯಿ. ರಷ್ಯಾದವರು ಕಳಿಸಿದ ಲೈಕಾ. ಫ್ರಿಜ್ ಬಂದ ರಟ್ಟಿನ ಡಬ್ಬಕ್ಕೆ ಬೆಳ್ಳಿ ಬಣ್ಣ ಬಳಿದು ರಾಕೆಟ್ ಮಾಡಿದ್ದರು. ನಾನು ಕುಳ್ಳಿ, ಸರಿಯಾಗಿ ಹಿಡಿಸಿದೆ. ದುಂಡು ಕಿಟಕಿಯಿಂದ ಮುಖ ತೋರಿಸಬೇಕು. ಅನಘಾ ಕೇಳಿದಾಗ ಬೊಗಳಬೇಕು. ಅಷ್ಟೇ ಪಾತ್ರ.

ಪರದೆ ಸರಿಯಿತು. ರೇಷ್ಮೆ ಸೀರೆಯ ನಾಯಿಯನ್ನು ಕಂಡು ಶಾಲೆಯೆಲ್ಲ ನಕ್ಕಿತು. ಬೀಗಿತ್ತಿಯವರು ಫೋನು ಎತ್ತಿ ಹಿಡಿದಿದ್ದರು. ಅನಘಾ ಇಂಗ್ಲಿಷಿನಲ್ಲಿ ಏನೋ ಹೇಳಿ, ನನ್ನ ಕಡೆ ಬಾಗಿ, ಹೋಗಲು ಇಷ್ಟವಿದೆಯೇ ಎಂದು ಕನ್ನಡದಲ್ಲೇ ಕೇಳಿದಳು.

ಬೊಗಳಬೇಕಿತ್ತು. ಬರಲಿಲ್ಲ. ಬೇರೆಯದೇ ಬಂತು.

"ನಮ್ಮ ಯಜಮಾನರು ಶ್ರೀಕಂಠಯ್ಯನೋರು ಇದನ್ನೇ ಕೇಳೋರು" ಎಂದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಡಬ್ಬದೊಳಗೆ ಯಾರಿಗೆ ಕಾಣುತ್ತದೆ ಎಂದು ಹೇಳಿದೆ. "ಎಲ್ಲದರಲ್ಲೂ ರಷ್ಯಾನೇ ಮೊದಲು ಅನ್ನೋರು. ಈ ನಾಯಿ ಫೋಟೋ ಬಂದ್ರೆ ಮಾತ್ರ ಪುಟ ಮಗುಚೋರು. ಹೋಗ್ತೀಯಾ ಅಂತ ಅದನ್ನ ಯಾರೂ ಕೇಳ್ಲಿಲ್ವಲ್ಲೇ ಭಾಗೀರಥಿ, ಅನ್ನೋರು."

ಅನಘಾ ಸಭೆಯ ಕಡೆ ತಿರುಗಿದಳು. ನಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ಶ್ರೀಕಂಠಯ್ಯ ಎಂಬುದನ್ನು ಸರಿಯಾಗಿಯೇ ಹೇಳಿದಳು. ನಗು ನಿಂತಿತು. ಟೀಚರ್ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಮಕ್ಕಳೆಲ್ಲ ಹತ್ತರಿಂದ ಹಿಂದಕ್ಕೆ ಎಣಿಸಿ ನನ್ನನ್ನು ಹಾರಿಸಿಯೇ ಬಿಟ್ಟರು. ಲಿಮ್ ಅಂಕಲ್ ಕುರ್ಚಿಯಲ್ಲಿ ಕೂತು ನೆನಪು ಹೇಳಿದರು. ಆ ಕಾಲದಲ್ಲಿ ತಾನು ಮೀನು ಮಾರುತ್ತಿದ್ದೆ, ಆಕಾಶ ನೋಡಲು ಪುರುಸೊತ್ತು ಇರಲಿಲ್ಲ ಎಂದರಂತೆ. ಚಪ್ಪಾಳೆ ಅವರಿಗೂ ಬಿತ್ತು.

ವಾಪಸ್ ಬರುವ ದಾರಿಯಲ್ಲಿ ಚಂದ್ರನ ದಿನದ ಉಪವಾಸದ ಕಥೆಯನ್ನೂ ಬೀಗಿತ್ತಿಯವರಿಗೆ ಹೇಳಿದೆ. ನಾವು ಮನೆ ಮುಟ್ಟುವ ಮೊದಲೇ ನಾಯಿಕಿವಿಯ ನನ್ನ ಫೋಟೋ ಮಂಡ್ಯ ಮುಟ್ಟಿತ್ತು. ಬೀಗಿತ್ತಿಯವರ ಕೆಲಸ. ಮಾಹಿತಿ ರವಾನೆಯಲ್ಲಿ ಅಮೆರಿಕ ಯಾವತ್ತೂ ಮುಂದು.

ಮಾರನೇ ದಿನ ಅಡುಗೆಮನೆಯಿಂದ ತುಪ್ಪದ ಘಮ ಬಂತು. ಬೀಗಿತ್ತಿಯವರು ತಟ್ಟೆ ಹಿಡಿದು ಬಂದು ನನ್ನ ಎದುರು ಕೂತರು. ಮೈಸೂರು ಪಾಕು. ಬೆಚ್ಚಗಿತ್ತು, ಬೆರಳು ಸೋಕಿದರೆ ಕರಗುವ ಹಾಗಿತ್ತು.

"ಶ್ರೀಕಂಠಯ್ಯನೋರ ಹೆಸರಲ್ಲಿ ಮಾಡ್ದೆ ಭಾಗೀರಥಮ್ಮ. ಅವತ್ತು ಅವರು ತಿಂದಿರಲಿಲ್ವಲ್ಲ. ತಗೊಳ್ಳಿ."

ಕಣ್ಣು ತುಂಬಿತು. ಬಾಯಲ್ಲೂ ನೀರೂರಿತು. ಎರಡೂ ಒಟ್ಟಿಗೆ ಆದಾಗ ತಲೆ ಓಡುವುದಿಲ್ಲ, ಹಳೆಯ ಅಭ್ಯಾಸ ಓಡುತ್ತದೆ.

"ಅಯ್ಯೋ, ನನಗ್ಯಾಕೆ ಬಿಡಿ, ಬೇಡ" ಎಂದೆ.

ಬೀಗಿತ್ತಿಯವರು ನನ್ನ ಮುಖವನ್ನು ಚೆನ್ನಾಗಿ ನೋಡಿದರು. ಅವರೂ ಈ ಊರಿನ ರೀತಿ ಕಲಿತಿದ್ದರು.

"ಸರಿ, ಫೋರ್ಸ್ ಮಾಡಲ್ಲ" ಎಂದು ತಟ್ಟೆ ಎತ್ತಿಕೊಂಡು ಹೋದರು. ಒಂದು ತುಂಡು ತಾವು ತಿಂದು, ಉಳಿದದ್ದನ್ನು ಎದುರು ಮನೆಯ ಲಿಮ್ ಅಂಕಲ್‌ಗೆ ಕೊಟ್ಟರು.

ಅಂದೂ ಅಮೆರಿಕ ಮೈಸೂರು ಪಾಕು ತಿಂದಿತ್ತು, ರಷ್ಯಾ ಉಪವಾಸವಿತ್ತು. ಇಂದೂ ಅಷ್ಟೇ. ಯಜಮಾನರಿಗೆ ಹೇಳಬೇಕು, ಏನೂ ಬದಲಾಗಿಲ್ಲ ಎಂದು.